ಹಳೆಯ ಚಿಟ್ಟೆಚಿತ್ರಗಳಲ್ಲಿ ಎಡ ಯಾವುದು, ಬಲ ಯಾವುದು?

ಕಳೆದ ಭಾನುವಾರ ಡೊಂಬಿವಲಿಯ ನಮ್ಮ ಓದುಗುಂಪಿನಲ್ಲಿ ಹದಿನೆಂಟನೆಯ ಶತಮಾನದಲ್ಲಿ ತಾಮ್ರದ ತಗಡಿನಿಂದ ಅಚ್ಚಾದ ಒಂದು ಚಿಟ್ಟೆಚಿತ್ರದ ನಕಲನ್ನು ಮುಂದಿಟ್ಟುಕೊಂಡು, "ಅಕ್ಷರಗಳು ನೆಟ್ಟಗಿವೆ, ಆದ್ದರಿಂದ ಚಿತ್ರವೂ ಕಲಾವಿದರು ಬರೆದ ದಿಕ್ಕಿನಲ್ಲೇ ಇದೆ" ಎಂದು ನಾನು ಬಹಳ ಧೈರ್ಯದಿಂದ ಹೇಳಿದೆ. ಮುದ್ರಣಾಲಯದಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ನಕ್ಕು, "ಅಕ್ಷರವನ್ನು ತಿರುಗಿಸಿಯೇ ಕೊರೆಯುತ್ತಾರೆ ಮಾರಾಯ್ರೆ, ಚಿಟ್ಟೆಯನ್ನೂ ತಿರುಗಿಸಿದರೆಂದು ನಿಮಗೆ ಯಾರು ಹೇಳಿದರು?" ಎಂದು ಕೇಳಿದರು. ಉತ್ತರ ಹೊಳೆಯಲು ನನಗೆ ಮೂರು ದಿನ ಹಿಡಿಯಿತು. ಮರೆಯುವ ಮುನ್ನ ಬರೆದಿಡುತ್ತಿದ್ದೇನೆ.

ಹಿನ್ನೆಲೆ ಇಷ್ಟು ಸಾಕು. ಫ್ರಾಂಕ್‌ಫರ್ಟ್‌ನಲ್ಲಿ 1647ರಲ್ಲಿ ಹುಟ್ಟಿದ ಮರಿಯಾ ಸಿಬಿಲಾ ಮೆರಿಯನ್ 1699ರಲ್ಲಿ ಮಗಳೊಡನೆ ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋಗಿ, ಎರಡು ವರ್ಷಗಳ ನಂತರ ಕಾಯಿಲೆಯಿಂದ ಮರಳಿ, 1705ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ 60 ಚಿತ್ರಫಲಕಗಳ ಗ್ರಂಥವನ್ನು ಹೊರತಂದರು. ಕಂಬಳಿಹುಳು, ಗೂಡು, ಚಿಟ್ಟೆ, ಹುಳು ಮೇಯುವ ಗಿಡ, ಇವೆಲ್ಲವನ್ನೂ ಒಂದೇ ಹಾಳೆಯಲ್ಲಿ ತೋರಿಸಿದ್ದು ಅವರ ಹೆಚ್ಚುಗಾರಿಕೆ. ಆಮ್‌ಸ್ಟರ್‌ಡ್ಯಾಮಿನ ವರ್ತಕ ಪೀಟರ್ ಕ್ರಾಮರ್ ಅವರದು ಬೇರೆ ದಾರಿ: ಸಂಗ್ರಹಗಳಲ್ಲಿ ಚುಚ್ಚಿಟ್ಟ ಚಿಟ್ಟೆಗಳನ್ನು ಗಿಡದ ಹಂಗಿಲ್ಲದೆ, ಮೇಲ್ಮೈ ಮತ್ತು ಕೆಳಮೈ ಎರಡನ್ನೂ ಬರೆಸಿದರು. ಮಹಾರಾಷ್ಟ್ರದ ರಾಜ್ಯ ಚಿಟ್ಟೆಯಾದ ಬ್ಲೂ ಮಾರ್ಮನ್ ಮತ್ತು ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್, ಎರಡಕ್ಕೂ ವೈಜ್ಞಾನಿಕ ಹೆಸರಿಟ್ಟವರು ಇವರೇ ಎಂಬುದು ಮುಂಬೈ ಕನ್ನಡಿಗನಾದ ನನಗೆ ವಿಶೇಷ ಸಂತೋಷ ಕೊಟ್ಟಿತು. ಮೊದಲನೆಯ ಹೆಸರಿನ ಮುಂದೆ 1775 ಎಂದು ಚೌಕ ಆವರಣದಲ್ಲಿ ಬರೆಯುತ್ತಾರೆ. ಆವರಣ ಏಕೆಂದರೆ, ಕ್ರಾಮರ್ ಅವರ ಗ್ರಂಥದ ಮುಖಪುಟದಲ್ಲಿ 1779 ಎಂದಿದ್ದರೂ ಅದು ಕಂತುಕಂತಾಗಿ ಮೊದಲೇ ಹೊರಬಂದಿತ್ತು.

ಈಗ ನನ್ನನ್ನು ಎಡವಿಸಿದ ಹೆಜ್ಜೆಗೆ ಬರೋಣ.

ತಾಮ್ರದ ತಗಡಿನಲ್ಲಿ ಗೆರೆ ಕೊರೆದು, ಗೆರೆಯೊಳಗೆ ಶಾಯಿ ತುಂಬಿ, ಮೇಲ್ಮೈಯನ್ನು ಒರೆಸಿ, ಒದ್ದೆ ಕಾಗದವಿಟ್ಟು ಉರುಳೆಗಳ ನಡುವೆ ಹಾಯಿಸಿದಾಗ, ತಗಡಿನಲ್ಲಿ ಎಡಕ್ಕಿದ್ದದ್ದು ಕಾಗದದಲ್ಲಿ ಬಲಕ್ಕೆ ಬರುತ್ತದೆ. ರಬ್ಬರ್ ಸ್ಟಾಂಪ್ ಕಂಡವರಿಗೆಲ್ಲ ಇದು ಗೊತ್ತು. ತೊಡಕು ಇರುವುದು ಇದಕ್ಕಿಂತ ಹಿಂದೆ, ಬಣ್ಣದ ಮೂಲಚಿತ್ರ ತಗಡಿನ ಮೇಲೆ ಹೇಗೆ ಇಳಿಯಿತು ಎಂಬಲ್ಲಿ. ಹಾಳೆಯ ಹಿಂಬದಿಗೆ ಸೀಮೆಸುಣ್ಣದ ಪುಡಿ ಹಚ್ಚಿ, ಮುಖ ಮೇಲಿರುವಂತೆ ತಗಡಿನ ಮೇಲಿಟ್ಟು ಗೆರೆಗಳನ್ನು ತಿದ್ದಿದರೆ ಚಿತ್ರ ಅದೇ ದಿಕ್ಕಿನಲ್ಲಿ ಇಳಿಯುತ್ತದೆ, ಅಚ್ಚು ತಿರುಗುತ್ತದೆ. ಮೇಣ ಸವರಿದ ತಗಡಿನ ಮೇಲೆ ಹಾಳೆಯನ್ನು ಬೋರಲಾಗಿಟ್ಟು ಒತ್ತಿದರೆ ಚಿತ್ರ ಇಳಿಯುವಾಗಲೇ ತಿರುಗುತ್ತದೆ. ಅಚ್ಚಿನಲ್ಲಿ ಮತ್ತೊಮ್ಮೆ ತಿರುಗಿ ನೆಟ್ಟಗಾಗುತ್ತದೆ. ಆದ್ದರಿಂದ ನಾನು ಮಾಡಿಕೊಂಡ ಲೆಕ್ಕ ಹೀಗಿದೆ: ಮುಖಕ್ಕೆ ಮುಖ ತಾಗಿದ ಪ್ರತಿ ಸಲಕ್ಕೂ ಒಂದು ಎಣಿಸಬೇಕು, ಮೊತ್ತ ಬೆಸವಾದರೆ ಚಿತ್ರ ತಿರುಗಿದೆ, ಸಮವಾದರೆ ಮೂಲದಂತಿದೆ.

ಇದಕ್ಕೆ ಇನ್ನೊಂದು ಸುತ್ತು ಸೇರಿಸಿದವರು ಮೆರಿಯನ್. ಈಗಷ್ಟೇ ತೆಗೆದ ಅಚ್ಚಿನ ಶಾಯಿ ಹಸಿಯಾಗಿರುವಾಗಲೇ ಅದರ ಮೇಲೆ ಖಾಲಿ ಕಾಗದವಿಟ್ಟು ಮತ್ತೆ ಒತ್ತಿ ಅವರು ಪ್ರತಿಯಚ್ಚುಗಳನ್ನು ತೆಗೆಯುತ್ತಿದ್ದರು. ಅದರ ಗೆರೆಗಳು ತೆಳುವಾಗಿರುವುದರಿಂದ ಬಣ್ಣ ತುಂಬಿದ ಮೇಲೆ ಕೈಯಲ್ಲಿ ಬರೆದ ಚಿತ್ರದಂತೆಯೇ ಕಾಣುತ್ತದೆ. ತಗಡಿನ ಅಂಚು ಕಾಗದದಲ್ಲಿ ಮೂಡಿಸುವ ತಗ್ಗು ಇದರಲ್ಲಿ ಎದ್ದು ಕಾಣುವುದಿಲ್ಲ. ಇದನ್ನು ಓದಿ ತಲೆಗೆ ಹತ್ತದೆ, ಮನೆಯಲ್ಲಿ ಸ್ಟೀಲ್ ತಟ್ಟೆಯ ಬೆನ್ನಿನ ಮೇಲೆ ಪೋಸ್ಟರ್ ಬಣ್ಣದಲ್ಲಿ ರೆಕ್ಕೆ ಮಡಿಸಿ ಎಡಕ್ಕೆ ಮುಖ ಮಾಡಿದ ಚಿಟ್ಟೆಯನ್ನು ಬರೆದು, ಅದರ ಕೆಳಗೆ 'ಕ' ಅಕ್ಷರವನ್ನು ತಿರುಗಿಸಿ ಬರೆದು, ಒದ್ದೆ ಕಾಗದವಿಟ್ಟು ಲಟ್ಟಣಿಗೆ ಉರುಳಿಸಿದೆ. ಮೊದಲ ಕಾಗದದಲ್ಲಿ 'ಕ' ನೆಟ್ಟಗಾಯಿತು, ಚಿಟ್ಟೆ ಬಲಕ್ಕೆ ತಿರುಗಿತು. ಅದು ಒಣಗುವ ಮುನ್ನ ಎರಡನೆಯ ಕಾಗದವನ್ನು ಒತ್ತಿದಾಗ ಚಿಟ್ಟೆ ಎಡಕ್ಕೆ ಮರಳಿತು, 'ಕ' ಮಾತ್ರ ಕನ್ನಡಿಯ ಅಕ್ಷರವಾಯಿತು. ನನ್ನ ತಪ್ಪು ಅಲ್ಲಿಯೇ ಬಣ್ಣದಲ್ಲಿ ಬಿದ್ದಿತ್ತು: ನೆಟ್ಟಗಿರುವ ಅಕ್ಷರ ಇದು ಸಾಮಾನ್ಯ ಅಚ್ಚು ಎಂದಷ್ಟೇ ಹೇಳುತ್ತದೆ, ತಲೆಕೆಳಗಾದ ಅಕ್ಷರ ಇದು ಪ್ರತಿಯಚ್ಚು ಎಂದು ಹೇಳುತ್ತದೆ, ಚಿತ್ರದ ದಿಕ್ಕಿನ ಬಗ್ಗೆ ಎರಡೂ ಸಾಕ್ಷಿ ಹೇಳುವುದಿಲ್ಲ. ('ತಲೆಕೆಳಗಾದ' ಎಂದು ಬರೆದೆ; ಸರಿಯಾಗಿ ಹೇಳಬೇಕಾದರೆ ಮಗ್ಗುಲು ಬದಲಾದ ಅಕ್ಷರ. ಗುಂಪಿನಲ್ಲೂ ಇದೇ ಪದದಿಂದ ಗೊಂದಲವಾಯಿತು.)

ರೆಕ್ಕೆ ಬಿಚ್ಚಿದ ಚಿಟ್ಟೆಯ ಎಡಬಲಗಳು ಒಂದೇ ರೀತಿ ಇರುವುದರಿಂದ, ಚಿತ್ರ ತಿರುಗಿದರೂ ಯಾರಿಗೂ ತಿಳಿಯುವುದಿಲ್ಲ. ಶಂಖಕ್ಕೆ ಆ ಅನುಕೂಲವಿಲ್ಲ. ಡಚ್ ಕಲಾವಿದ ರೆಂಬ್ರಾಂಟ್ 1650ರಲ್ಲಿ ಕೊರೆದ, ಕೋನಸ್ ಎಂಬ ಕಡಲ ಬಸವನಹುಳುವಿನ ಚಿಪ್ಪಿನ ಅಚ್ಚಿನಲ್ಲಿ ಸಹಿ ನೆಟ್ಟಗಿದೆ, ಸುರುಳಿ ಮಾತ್ರ ತಿರುಗಿದೆ. ನಮ್ಮ ಪೂಜಾಕೋಣೆಯ ಸಾಮಾನ್ಯ ಶಂಖವನ್ನು ಅವರ ಕೈಗೆ ಕೊಟ್ಟಿದ್ದರೆ, ಕಾಗದದ ಮೇಲಾದರೂ ಅದು ಬಲಮುರಿ ಶಂಖವಾಗಿ ಬೆಲೆ ಏರಿಸಿಕೊಳ್ಳುತ್ತಿತ್ತು.

ಕಲ್ಲಿನ ಮೇಲೆ ಬರೆದು ಅಚ್ಚು ತೆಗೆಯುವ ಕಲ್ಲಚ್ಚಿಗೂ ಇದೇ ಲೆಕ್ಕ. 1843ರ 'ಮಂಗಳೂರು ಸಮಾಚಾರ' ಕಲ್ಲಚ್ಚಿನಲ್ಲಿ ಬಂದದ್ದು, 1894ರಲ್ಲಿ ರವಿವರ್ಮರ ಮುದ್ರಣಾಲಯ ಗಿರ್‌ಗಾಂವ್‌ನಲ್ಲಿ ಆರಂಭವಾದದ್ದು, ಎಲ್ಲವೂ ಕಲ್ಲಿನ ಕೆಲಸವೇ. ಅಲ್ಲಿ ತಗಡಿನಂತೆ ಆಳವಾದ ಗೆರೆಯಿಲ್ಲ, ಜಿಡ್ಡು ಮತ್ತು ನೀರು ಒಂದನ್ನೊಂದು ದೂರವಿಡುವ ಗುಣವೇ ಆಧಾರ.

ಬಣ್ಣದ ವಿಷಯ ಒಂದೇ ಮಾತಿನಲ್ಲಿ: ಕೈಯಿಂದ ಬಣ್ಣ ತುಂಬಿದ್ದರಿಂದ ಒಂದೇ ಗ್ರಂಥದ ಎರಡು ಪ್ರತಿಗಳು ಒಂದೇ ತರಹ ಇರುವುದಿಲ್ಲ, ಸೀಸದ ಬಿಳಿ ಗಾಳಿಯಲ್ಲಿನ ಗಂಧಕದ ಅನಿಲದಿಂದ ಕಪ್ಪಾಗುತ್ತದೆ; ಬಿಳಿ ಚುಕ್ಕೆ ಕಂದಾಗಿ ಕಂಡ ಮಾತ್ರಕ್ಕೆ ಬೇರೆ ಜಾತಿ ಎಂದು ತೀರ್ಮಾನಿಸಬಾರದು.

ಮೂಲಚಿತ್ರ ಕೈಗೆ ಸಿಗದಿದ್ದಾಗ ದಿಕ್ಕು ತಿಳಿಯಲು ನಾನು ಕಂಡುಕೊಂಡ ಉಪಾಯ ಚಿಟ್ಟೆಯನ್ನು ಬಿಟ್ಟು ಬಳ್ಳಿಯನ್ನು ನೋಡುವುದು. ಸುತ್ತಿಕೊಂಡು ಏರುವ ಬಳ್ಳಿಗಳಲ್ಲಿ ಹೆಚ್ಚಿನವು ಒಂದೇ ಕಡೆಗೆ ಸುತ್ತುತ್ತವೆ. ನಮ್ಮ ಕಡೆಗಿರುವ ಸುತ್ತು ಕೆಳಗೆ ಎಡದಿಂದ ಮೇಲೆ ಬಲಕ್ಕೆ ಏರುತ್ತದೆ. ನಮ್ಮ ಬಾಲ್ಕನಿಯ ಅವರೆ ಬಳ್ಳಿ ಕಿಟಕಿಯ ಸರಳಿಗೆ ಸುತ್ತಿದ್ದೂ ಹೀಗೆಯೇ. ಪೀ ಬ್ಲೂ ಎಂಬ ಪುಟ್ಟ ಚಿಟ್ಟೆಯ ಹುಳು ಅವರೆಯ ಜಾತಿಯ ಗಿಡಬಳ್ಳಿಗಳ ಹೂ, ಕಾಯಿಗಳಲ್ಲಿ ಬೆಳೆಯುವುದರಿಂದ, ಅಂಥ ಚಿಟ್ಟೆಯ ಹಳೆಯ ಚಿತ್ರಫಲಕದಲ್ಲಿ ಬಳ್ಳಿ ಬಲದಿಂದ ಎಡಕ್ಕೆ ಏರಿದ್ದರೆ, ಎಣಿಕೆ ಬೆಸ ಎಂದು ಮೊದಲು ಬರೆದುಕೊಂಡು ನಂತರ ಉಳಿದದ್ದನ್ನು ನೋಡುತ್ತೇನೆ.