ಹೂ ತುಂಬಿದ ಸೀತಾಫಲ, ಕಾಯಿಯಿಲ್ಲದ ಕೊಂಬೆ

ಮನೆಯಂಗಳದಲ್ಲಿ ನೆಟ್ಟ ಸೀತಾಫಲದ ಗಿಡ ಮೂರು ನಾಲ್ಕು ವರ್ಷಗಳಲ್ಲಿ ಆಳೆತ್ತರಕ್ಕೆ ಬೆಳೆದು, ಕೊಂಬೆ ಕೊಂಬೆಗೂ ಹೂ ಬಿಟ್ಟು, ಆ ಹೂಗಳೆಲ್ಲ ಕೆಲವೇ ದಿನಗಳಲ್ಲಿ ಬುಡದ ಸುತ್ತ ಉದುರಿ ಬಿದ್ದಿರುವುದನ್ನು ಕಂಡವರು ನನ್ನ ಬಳಿ ಬಂದು ಕೇಳುವ ಮೊದಲ ಪ್ರಶ್ನೆ, ಯಾವ ಗೊಬ್ಬರ ಹಾಕಬೇಕು ಎಂಬುದೇ ಆಗಿರುತ್ತದೆ. ಈ ಪ್ರಶ್ನೆಗೆ ನೇರವಾಗಿ ಉತ್ತರಿಸುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಗಿಡ ಹೂವನ್ನೇ ಬಿಡುತ್ತಿಲ್ಲವೋ, ಇಲ್ಲವೇ ಹೂ ಬಿಟ್ಟೂ ಕಾಯಿ ಕಚ್ಚುತ್ತಿಲ್ಲವೋ ಎಂದು ಮರುಪ್ರಶ್ನೆ ಹಾಕುತ್ತೇನೆ. ಹೊರನೋಟಕ್ಕೆ ಎರಡರ ಫಲವೂ ಬರಿದಾದ ಕೊಂಬೆಯೇ ಆದರೂ ಕಾರಣಗಳು ಬೇರೆ ಬೇರೆ. ಒಂದಕ್ಕೆ ಹೇಳಿದ ಉಪಚಾರ ಇನ್ನೊಂದಕ್ಕೆ ಉಪಯೋಗಕ್ಕೆ ಬರುವುದಿಲ್ಲ, ಕೆಲವೊಮ್ಮೆ ಕೇಡನ್ನೂ ಮಾಡುತ್ತದೆ.

ಹೂವೇ ಬಾರದ ಗಿಡದ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ಬೀಜದಿಂದ ಎದ್ದ ಗಿಡಕ್ಕೆ ಬಾಲ್ಯವೆಂಬ ಅವಧಿಯೊಂದಿದೆ. ಅದು ಮುಗಿಯುವವರೆಗೆ ಯಾವ ಪೋಷಣೆಯೂ ಅದನ್ನು ಹೂವಿಗೆ ತರಲಾರದು. ಸೀತಾಫಲದಲ್ಲಿ ಈ ಅವಧಿ ಸಾಮಾನ್ಯವಾಗಿ 3ರಿಂದ 4 ವರ್ಷ. ಬೀಜದ ಮಾವಿಗೆ 5ರಿಂದ 8 ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕಾಗುತ್ತದೆ. ಹಣ್ಣು ಬಿಡುತ್ತಿರುವ ಮರದ ಕಡ್ಡಿಯನ್ನು ತಂದು ಕಟ್ಟಿದ ಕಸಿ ಗಿಡ ಈ ಬಾಲ್ಯವನ್ನು ದಾಟಿಯೇ ಬಂದಿರುತ್ತದೆ. ಅದಕ್ಕೇ ಅದು ಬೇಗ ಹೂ ಬಿಡುತ್ತದೆ. ಆದರೆ ಕಸಿ ಗಂಟಿನ ಕೆಳಗಿನಿಂದ ಎದ್ದ ಚಿಗುರನ್ನು ಕೀಳದೆ ಬಿಟ್ಟರೆ ಕೆಳಗಿನ ಗಿಡವೇ ಮೇಲೆದ್ದು ಮೇಲಿನ ಕಸಿಯನ್ನು ನುಂಗಿಬಿಡುತ್ತದೆ. ವಯಸ್ಸು ಮೀರಿಯೂ ಹೂ ಕಾಣದಿದ್ದರೆ ಬೆಳಕನ್ನು ನೋಡಬೇಕು. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳದ ಗಿಡ ಎಲೆಯನ್ನಷ್ಟೇ ಬೆಳೆಸುತ್ತದೆ. ಸಾರಜನಕದ ಗೊಬ್ಬರವನ್ನು ಮೇಲಿಂದ ಮೇಲೆ ಸುರಿದ ಗಿಡದ ಪಾಡೂ ಅದೇ: ಕಡುಹಸಿರು ಎಲೆ, ಮಾರುದ್ದ ಚಿಗುರು, ಹೂ ಮಾತ್ರ ಇಲ್ಲ.

ಸೀತಾಫಲಕ್ಕೆ ಇಲ್ಲೊಂದು ವಿಶೇಷವಿದೆ. ಇದರ ಕಂಕುಳ ಮೊಗ್ಗು ಇತರ ಗಿಡಗಳಂತೆ ಎಲೆತೊಟ್ಟಿನ ಪಕ್ಕದಲ್ಲಿ ತೆರೆದುಕೊಂಡಿರದೆ, ತೊಟ್ಟಿನ ಬುಡದ ಒಳಗೇ ಅಡಗಿರುತ್ತದೆ; ಎಲೆ ಕಳಚಿ ಬೀಳುವವರೆಗೆ ಆ ಮೊಗ್ಗು ಒಡೆಯುವುದಿಲ್ಲ. ಹೂಗಳು ಹೆಚ್ಚಾಗಿ ಬರುವುದು ಹೊಸ ಚಿಗುರಿನ ಜೊತೆಗೆ. ಆದುದರಿಂದ ಹಳೆಯ ಎಲೆಗಳನ್ನು ಹೊತ್ತು ಸುಮ್ಮನೆ ನಿಂತಿರುವ ಗಿಡದಲ್ಲಿ, ಚಿಗುರುವ ಕಾಲ ಬಂದಾಗ ಬಲಿತ ಕೊಂಬೆಗಳ ತುದಿಯನ್ನು ತುಸು ಸವರಿ, ತುದಿಯ ಏಳೆಂಟು ಎಲೆಗಳನ್ನು ಕೈಯಿಂದ ಬಿಡಿಸಿದರೆ, ಕೆಲವೇ ವಾರಗಳಲ್ಲಿ ಆ ಗೆಣ್ಣುಗಳಿಂದ ಚಿಗುರೂ ಹೂವೂ ಹೊರಡುವುದನ್ನು ನೋಡಬಹುದು. ಇಡೀ ಗಿಡವನ್ನು ಒಮ್ಮೆಗೇ ಬೋಳಿಸಬಾರದು. ಎಳೆಯ ಗಿಡಕ್ಕೆ ಅಷ್ಟು ಶಕ್ತಿಯಿರುವುದಿಲ್ಲ.

ಇನ್ನು ಎರಡನೆಯ ತೊಂದರೆ, ನನ್ನ ಅನುಭವದಲ್ಲಿ ಹೆಚ್ಚು ಕಾಣುವುದೂ ಇದೇ. ಉದುರಿದ ಹೂವೊಂದನ್ನು ಅಂಗೈಯಲ್ಲಿಟ್ಟು ಅದರ ಮೂರು ದಪ್ಪ ದಳಗಳನ್ನು ಬಿಡಿಸಿ ನೋಡಿದರೆ, ನಡುವೆ ಪುಟ್ಟ ಗೋಪುರದಂತೆ ಗುಂಪಾಗಿ ನಿಂತ ಹೆಣ್ಣು ಭಾಗಗಳೂ, ಅವುಗಳ ಬುಡದಲ್ಲಿ ಉಂಗುರದಂತೆ ಸುತ್ತುವರಿದ ಕೇಸರಗಳೂ ಕಾಣುತ್ತವೆ. ಗಂಡೂ ಹೆಣ್ಣೂ ಒಂದೇ ಹೂವಿನಲ್ಲಿ ಕೂದಲೆಳೆಯ ಅಂತರದಲ್ಲಿದ್ದರೂ ಅವು ಏಕಕಾಲಕ್ಕೆ ಎಚ್ಚರವಾಗಿರುವುದಿಲ್ಲ. ದಳಗಳ ತುದಿ ಕೊಂಚವೇ ಬಿರಿದಾಗ ನಡುವಿನ ಗೋಪುರ ಅಂಟಂಟಾಗಿ ಹೊಳೆಯುತ್ತಿರುತ್ತದೆ. ಆಗ ಹೂ ಹೆಣ್ಣು, ಪರಾಗವನ್ನು ಸ್ವೀಕರಿಸಲು ಸಿದ್ಧ, ಆದರೆ ಕೇಸರಗಳು ಇನ್ನೂ ಬಿಗಿಯಾಗಿ ಮುಚ್ಚಿಕೊಂಡಿರುತ್ತವೆ. ದಳಗಳು ಪೂರ್ತಿ ಅಗಲವಾಗಿ ತೆರೆದು, ಕೇಸರಗಳು ಸಡಿಲಗೊಂಡು ಪರಾಗ ಉದುರುವ ಹೊತ್ತಿಗೆ ಗೋಪುರದ ಅಂಟು ಒಣಗಿ ಅದರ ಬಣ್ಣ ಕಂದಿರುತ್ತದೆ. ಹೀಗಾಗಿ ಒಂದು ಹೂವಿನ ಪರಾಗ ಅದೇ ಹೂವಿಗೆ ಒದಗುವುದು ಬಹಳ ಅಪರೂಪ.

ಈ ಕೆಲಸವನ್ನು ಪ್ರಕೃತಿಯಲ್ಲಿ ಮಾಡುವುದು ಜೇನಲ್ಲ. ದಳಗಳ ನಡುವಿನ ಇಕ್ಕಟ್ಟಿನಲ್ಲಿ ನುಸುಳಬಲ್ಲ, 2ರಿಂದ 3 ಮಿಲಿಮೀಟರ್ ಉದ್ದದ ಪುಟ್ಟ ದುಂಬಿಗಳು ಒಂದು ಹೂವಿನಿಂದ ಪರಾಗವನ್ನು ಮೆತ್ತಿಕೊಂಡು ಇನ್ನೊಂದಕ್ಕೆ ಒಯ್ಯುತ್ತವೆ. ಕೊಳೆತ ಹಣ್ಣು, ತರಗೆಲೆಗಳ ನಡುವೆ ಬದುಕುವ ಈ ದುಂಬಿಗಳು, ದಿನವೂ ಗುಡಿಸಿ ಒಪ್ಪವಾಗಿಟ್ಟ ಅಂಗಳದಲ್ಲಿ ಸಾಕಷ್ಟು ಇರುವುದಿಲ್ಲ. ಗಿಡದ ಬುಡದಲ್ಲಿ ತರಗೆಲೆಯ ಮುಚ್ಚಿಗೆಯನ್ನು ಉಳಿಸಿ ಎಂದು ನಾನು ಹೇಳುವುದಕ್ಕೆ ತೇವ ಕಾಯುವುದರ ಜೊತೆಗೆ ಇದೂ ಒಂದು ಕಾರಣ. ಕೀಟನಾಶಕವನ್ನು ಹೂ ಬಿಟ್ಟ ಸಮಯದಲ್ಲಿ ಹೊಡೆಯುವವರು ತಮ್ಮ ಕೈಯಾರೆ ಈ ಸಹಾಯಕರನ್ನು ಕಳೆದುಕೊಳ್ಳುತ್ತಾರೆ.

ಒಂದೆರಡು ಗಿಡವಿರುವ ಮನೆಯಲ್ಲಿ ದುಂಬಿಯ ಕೆಲಸವನ್ನು ನಾವೇ ಮಾಡಬಹುದು. ಬೇಕಾಗುವುದು ಚಿತ್ರ ಬರೆಯುವ ಸಣ್ಣ, ಮೆತ್ತನೆಯ ಕುಂಚ ಮತ್ತು ಒಣಗಿದ ಒಂದು ಪುಟ್ಟ ಬಟ್ಟಲು. ಸೀತಾಫಲದಲ್ಲಿ ಪರಾಗ ಉದುರುವುದು ಸಾಮಾನ್ಯವಾಗಿ ನಸುಕಿನಿಂದ ಬೆಳಗಿನ ಹೊತ್ತಿನಲ್ಲಿ. ಆದರೆ ಹವೆಗೆ ತಕ್ಕಂತೆ ಇದು ಹಿಂದುಮುಂದಾಗುವುದರಿಂದ, ಕುಂಚ ಹಿಡಿಯುವ ಮೊದಲು ಎರಡು ಮೂರು ದಿನ ಬೇರೆ ಬೇರೆ ಹೊತ್ತಿನಲ್ಲಿ ಹೂಗಳನ್ನು ಸುಮ್ಮನೆ ನೋಡಿಕೊಂಡು ಬರುವುದು ಒಳ್ಳೆಯದು. ಪೂರ್ತಿ ಅರಳಿದ ಹೂಗಳನ್ನು ಬಟ್ಟಲಿನ ಮೇಲೆ ಹಿಡಿದು ಮೆಲ್ಲಗೆ ತಟ್ಟಿದರೆ ಕೇಸರಗಳೂ ಹಿಟ್ಟಿನಂಥ ಪರಾಗವೂ ಉದುರುತ್ತವೆ. ಅದನ್ನು ಕುಂಚದಲ್ಲಿ ತೆಗೆದುಕೊಂಡು, ಆಗಷ್ಟೇ ಬಿರಿಯುತ್ತಿರುವ ಹೂವಿನ ದಳವನ್ನು ಎರಡು ಬೆರಳುಗಳಿಂದ ಸರಿಸಿ, ಒಳಗಿನ ಗೋಪುರಕ್ಕೆ ಎಲ್ಲ ದಿಕ್ಕಿನಿಂದಲೂ ಸವರಬೇಕು. ಒಂದು ದಳವನ್ನು ಕಿತ್ತುಬಿಟ್ಟರೆ ಕೈಯಾಡಿಸಲು ಜಾಗವಾಗುತ್ತದೆ, ಯಾವ ಹೂವನ್ನು ಮುಟ್ಟಿದೆವು ಎಂಬ ಗುರುತೂ ಉಳಿಯುತ್ತದೆ. ಪರಾಗವನ್ನು ಆ ದಿನವೇ ಬಳಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೆವೆತು ಕೆಡುತ್ತದೆ.

ಎಲ್ಲ ದಿಕ್ಕಿನಿಂದ ಎಂದು ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ನಾವು ಒಂದು ಹಣ್ಣೆಂದು ಕರೆಯುವ ಸೀತಾಫಲ ಒಂದೇ ಹೂವಿನ ಹತ್ತಾರು ಪುಟ್ಟ ಅಂಡಾಶಯಗಳು ಕೂಡಿ ಬೆಳೆದದ್ದು. ಹೊರಗೆ ಕಾಣುವ ಒಂದೊಂದು ಕಣ್ಣೂ ಅಂಥ ಒಂದೊಂದು ಅಂಡಾಶಯ. ಪರಾಗ ತಲುಪಿದ ಕಡೆ ಬೀಜ ಕಟ್ಟಿ ಅದರ ಸುತ್ತ ತಿರುಳು ತುಂಬುತ್ತದೆ, ತಲುಪದ ಕಡೆ ಕಣ್ಣು ಚಪ್ಪಟೆಯಾಗಿ ಉಳಿಯುತ್ತದೆ. ಒಂದು ಮಗ್ಗುಲು ಉಬ್ಬಿ ಇನ್ನೊಂದು ಮಗ್ಗುಲು ಕುಗ್ಗಿದ ಸೊಟ್ಟ ಹಣ್ಣನ್ನು ರೋಗವೆಂದು ತಿಳಿದು ಔಷಧಿ ಕೇಳುವವರಿದ್ದಾರೆ. ಅದು ಬಹುಮಟ್ಟಿಗೆ ಅರೆಬರೆ ಪರಾಗಸ್ಪರ್ಶದ ಗುರುತು.

ಕುಂಚ ಹಿಡಿದೂ ಸೋಲುವ ಸಂದರ್ಭವೊಂದಿದೆ. ಬಿರುಬಿಸಿಲು, ಒಣಗಾಳಿಯ ದಿನಗಳಲ್ಲಿ ಗೋಪುರದ ಅಂಟು ಬೇಗನೆ ಆರಿಹೋಗುವುದರಿಂದ ಎಷ್ಟೇ ಜಾಗರೂಕತೆಯಿಂದ ಸವರಿದರೂ ಪರಾಗ ಮೊಳೆಯುವುದಿಲ್ಲ. ಹಿಂದಿನ ಸಂಜೆ ಪಾತಿಗೆ ಚೆನ್ನಾಗಿ ನೀರು ಕೊಟ್ಟು, ಬುಡದ ಸುತ್ತಲಿನ ನೆಲವನ್ನೂ ತೋಯಿಸಿಟ್ಟರೆ ಬೆಳಗಿನ ಹವೆಯಲ್ಲಿ ಸ್ವಲ್ಪ ತಂಪು ಉಳಿಯುತ್ತದೆ. ಬಿಸಿಲಿನ ಮೊದಲ ಹೂಗಳು ಕೈಕೊಟ್ಟರೆ, ಮೋಡ ಮುಸುಕಿ ಗಾಳಿಯಲ್ಲಿ ತೇವ ಏರಿದ ಮೇಲೆ ಬರುವ ಹೂಗಳ ಮೇಲೆ ಶ್ರಮ ಹಾಕುವುದೇ ಜಾಣತನ.

ಬೆಣ್ಣೆಹಣ್ಣಿನ ಹೂವೂ ಮೊದಲು ಹೆಣ್ಣಾಗಿ ಅರಳಿ ಮುಚ್ಚಿಕೊಂಡು ಮರುದಿನ ಗಂಡಾಗಿ ಅರಳುತ್ತದೆ. ಅಲ್ಲಿ ಹೊತ್ತು ಬೇರೆಯಾಗಿರುವ ಎ ಮತ್ತು ಬಿ ಗುಂಪಿನ ತಳಿಗಳನ್ನು ಅಕ್ಕಪಕ್ಕ ನೆಡುವುದು ಪರಿಹಾರ. ಮಾವಿನ ಕಥೆಯೇ ಬೇರೆ. ನೂರಾರು ಹೂಗಳ ಗೊಂಚಲಿನಲ್ಲಿ ಒಂದೆರಡು ಕಾಯಿ ನಿಲ್ಲುವುದೇ ಅದರ ಸಹಜ ಲೆಕ್ಕವಾದ್ದರಿಂದ, ಅಲ್ಲಿ ಹೂ ಉದುರಿತೆಂದು ಯಾರೂ ಗಾಬರಿಯಾಗಬೇಕಿಲ್ಲ.

ಪರಾಗಸ್ಪರ್ಶ ಫಲಿಸಿತೋ ಇಲ್ಲವೋ ಎಂಬುದು ಒಂದೆರಡು ವಾರದಲ್ಲಿ ತಿಳಿಯುತ್ತದೆ: ದಳಗಳು ಉದುರಿದ ಮೇಲೂ ನಡುವಿನ ಗುಬುಟು ಹಸಿರಾಗಿ ಉಳಿದು ತೊಟ್ಟು ದಪ್ಪವಾಗತೊಡಗಿದರೆ ಹೀಚು ನಿಂತಿದೆ ಎಂದರ್ಥ. ಮೊದಲ ಬಾರಿ ಫಲಕ್ಕೆ ಬಂದ ಗಿಡದಲ್ಲಿ ನಾನು ಎಂಟು ಹತ್ತಕ್ಕಿಂತ ಹೆಚ್ಚು ಕಾಯಿಗಳನ್ನು ಉಳಿಸುವುದಿಲ್ಲ. ತೆಳುವಾದ ತುದಿಕೊಂಬೆಗಳಲ್ಲಿ ಕಚ್ಚಿದವನ್ನೂ, ಹೀಚಿನಲ್ಲೇ ಒಂದು ಕಡೆಗೆ ವಾಲಿದವನ್ನೂ ಕಿತ್ತು, ಕಾಂಡಕ್ಕೆ ಹತ್ತಿರವಾದ ದಪ್ಪ ಕೊಂಬೆಯವನ್ನು ಮಾತ್ರ ಬಿಡುತ್ತೇನೆ. ಅವು ಬಲಿಯಲು ಸುಮಾರು ನಾಲ್ಕು ತಿಂಗಳು ಹಿಡಿಯುತ್ತದೆ; ಕಣ್ಣುಗಳ ನಡುವಿನ ಗೆರೆಗಳು ಅಗಲವಾಗಿ ತಿಳಿಬಣ್ಣಕ್ಕೆ ತಿರುಗಿದಾಗ ಕಾಯಿಯನ್ನು ಕೊಯ್ಯಬಹುದು.