ಶಾಲೆಯೊಳಗಿನ ಯೂನಿಯನ್ ರೆಪ್: ಇಂಗ್ಲೆಂಡಿನ ಉದಾಹರಣೆಯ ಮೇಲೆ ಒಂದು ಟಿಪ್ಪಣಿ

ಶಿಕ್ಷಕರ ಸಂಘ ಅಂದ ಕೂಡಲೇ ನಮಗೆ ನೆನಪಾಗುವುದು ಫ್ರೀಡಂ ಪಾರ್ಕಿನ ಧರಣಿ, ಮನವಿ ಪತ್ರ, ಸಂಘದ ಚುನಾವಣೆ. ಪರೀಕ್ಷೆಗೆಂದು ಇಂಗ್ಲೆಂಡಿನ ಶಿಕ್ಷಕರ ಯೂನಿಯನ್ನಿನ ಪಾಠ ಓದುವಾಗ ಆ ಚಿತ್ರವನ್ನು ಸ್ವಲ್ಪ ಪಕ್ಕಕ್ಕಿಡಿ. ಅಲ್ಲಿ ಯೂನಿಯನ್ನಿನ ದಿನನಿತ್ಯದ ಕೆಲಸ ನಡೆಯುವುದು ಸ್ಟಾಫ್ ರೂಮಿನಲ್ಲಿ. ಅದನ್ನು ಮಾಡುವವರಿಗೆ ರೆಪ್, ಅಂದರೆ ಪ್ರತಿನಿಧಿ, ಎನ್ನುತ್ತಾರೆ. ಇವರು ಯೂನಿಯನ್ನಿನ ಸಂಬಳದ ನೌಕರರಲ್ಲ. ಅದೇ ಶಾಲೆಯಲ್ಲಿ ಗಣಿತವನ್ನೋ ಇತಿಹಾಸವನ್ನೋ ಕಲಿಸುವ ಶಿಕ್ಷಕರು. ದೊಡ್ಡ ಯೂನಿಯನ್ನುಗಳು ಎರಡು. ಒಂದು, 2017ರಲ್ಲಿ ಎನ್‌ಯುಟಿ ಮತ್ತು ಎಟಿಎಲ್ ಎಂಬ ಎರಡು ಸಂಘಗಳು ಸೇರಿ ಆದ ಎನ್‌ಇಯು. ಇನ್ನೊಂದು ಎನ್‌ಎಎಸ್‌ಯುಡಬ್ಲ್ಯುಟಿ. ಒಂದೇ ಶಾಲೆಯಲ್ಲಿ ಎರಡಕ್ಕೂ ರೆಪ್ ಇರಬಹುದು.

ಓದುವವರು ಮುಷ್ಕರದ ಭಾಗಕ್ಕೇ ಜಾಸ್ತಿ ಸಮಯ ಕೊಡುತ್ತಾರೆ. ನನಗೇನೋ ಅದು ತಿರುವುಮುರುವು ಅನ್ನಿಸುತ್ತದೆ. ರೆಪ್ ಕೆಲಸದ ತಿರುಳು ಇರುವುದು ಗಂಟೆಗಳ ಲೆಕ್ಕದಲ್ಲಿ ಮತ್ತು ವಿಚಾರಣೆಯ ಕೋಣೆಯಲ್ಲಿ.

1265 ಗಂಟೆ

ಶಿಕ್ಷಕರ ವೇತನ ಮತ್ತು ಸೇವಾ ಷರತ್ತುಗಳಿಗೆ ಅಲ್ಲಿ ಸರ್ಕಾರದ್ದೇ ಒಂದು ದಾಖಲೆ ಇದೆ. ಅದರ ಪ್ರಕಾರ ಪೂರ್ಣಾವಧಿ ಶಿಕ್ಷಕರನ್ನು ವರ್ಷಕ್ಕೆ 195 ದಿನ, 1265 ಗಂಟೆಗಿಂತ ಹೆಚ್ಚು ಹೊತ್ತು 'ಇಲ್ಲಿರಿ, ಇದನ್ನು ಮಾಡಿ' ಎಂದು ಹೆಡ್ ಟೀಚರ್ ಹೇಳುವಂತಿಲ್ಲ. ದಿನಕ್ಕೆ ಸುಮಾರು ಆರೂವರೆ ಗಂಟೆ ಆಯಿತು. ತರಗತಿ, ಸ್ಟಾಫ್ ಮೀಟಿಂಗ್, ಪೋಷಕರ ಸಭೆ ಎಲ್ಲ ಇದರಲ್ಲಿ ಬಂತು. ಮನೆಯಲ್ಲಿ ಕೂತು ನೋಟ್‌ಬುಕ್ ತಿದ್ದುವುದು ಬರಲಿಲ್ಲ, ನೆನಪಿಡಿ.

ರೆಪ್ ಇಲ್ಲಿ ಮಾಡುವುದೇನು? ಮುಂದಿನ ವರ್ಷದ ವೇಳಾಪಟ್ಟಿಯ ಕರಡು ಹಿಡಿದು ಕೂಡುತ್ತಾರೆ, ಅಷ್ಟೇ. ಒಟ್ಟು 1280 ಬಂತು ಅಂದುಕೊಳ್ಳಿ. ಹದಿನೈದು ಗಂಟೆ ಎಲ್ಲಿಂದ ಕಡಿಮೆ ಮಾಡುತ್ತೀರಿ ಎಂದು ಹೆಡ್ ಹತ್ತಿರ ಕೇಳುತ್ತಾರೆ. ಜಗಳವೇ ಬೇಕಿಲ್ಲ, ಕೂಡುವ ಲೆಕ್ಕ ಸಾಕು. ಪಾರ್ಟ್‌ಟೈಮ್ ಶಿಕ್ಷಕರ ಮಿತಿ ಅವರ ಪಾಲಿಗೆ ತಕ್ಕಂತೆ ಇಳಿಯುತ್ತದೆ. ವಾರಕ್ಕೆ ಮೂರು ದಿನ ಬರುವವರಿಗೆ 759. ಅವರ ರಜಾ ದಿನ ಮೀಟಿಂಗ್ ಇಟ್ಟು ಬರಲೇಬೇಕು ಎನ್ನುವಂತಿಲ್ಲ. ಪಾಠದ ಸಮಯದ ಕನಿಷ್ಠ ಶೇ. 10ರಷ್ಟನ್ನು ತಯಾರಿ ಮತ್ತು ತಿದ್ದುವ ಕೆಲಸಕ್ಕೆ ಬಿಡುವಾಗಿ ಕೊಡಬೇಕು ಎಂಬ ನಿಯಮವೂ ಇದೇ ದಾಖಲೆಯಲ್ಲಿದೆ. ಗೈರಾದವರ ತರಗತಿಗೆ ಆ ಬಿಡುವಿನಲ್ಲಿ ಕಳಿಸುವಂತಿಲ್ಲ.

ಪರೀಕ್ಷಕರು ಇಲ್ಲಿ ಕೊಕ್ಕೆ ಹಾಕಬಹುದು. ಇದೆಲ್ಲ ಸ್ಥಳೀಯ ಆಡಳಿತದ ಅಡಿಯ ಶಾಲೆಗಳ ಮಾತು. ಪ್ರಶ್ನೆಯಲ್ಲಿ ಅಕಾಡೆಮಿ ಶಾಲೆ (ಸರ್ಕಾರದ ಹಣದಲ್ಲಿ, ಆದರೆ ಸ್ಥಳೀಯ ಆಡಳಿತದ ಹೊರಗೆ ನಡೆಯುವ ಶಾಲೆ) ಎಂದಿದ್ದರೆ ಮೊದಲು ನೇಮಕಾತಿ ಕರಾರು ನೋಡಬೇಕು ಎಂದು ಬರೆಯಿರಿ.

ವಿಚಾರಣೆಯಲ್ಲಿ ಪಕ್ಕದ ಕುರ್ಚಿ

1999ರ ಉದ್ಯೋಗ ಸಂಬಂಧಗಳ ಕಾಯ್ದೆಯ 10ನೇ ಸೆಕ್ಷನ್ ಇಡೀ ಪಾಠದ ಬೆನ್ನೆಲುಬು. ಶಿಸ್ತು ಕ್ರಮದ ವಿಚಾರಣೆಗೋ ಕುಂದುಕೊರತೆಯ ವಿಚಾರಣೆಗೋ ಹೋಗುವ ನೌಕರ ಒಬ್ಬರನ್ನು ಜೊತೆಗೆ ಕರೆದೊಯ್ಯಬಹುದು. ಅವರು ಯೂನಿಯನ್ ಪ್ರತಿನಿಧಿ ಆಗಿರಬಹುದು, ಸಹೋದ್ಯೋಗಿ ಆಗಿರಬಹುದು. ಶಾಲೆ ಆ ಯೂನಿಯನ್ನಿಗೆ ಮಾನ್ಯತೆ ಕೊಟ್ಟಿರಲೇಬೇಕು ಎಂದೇನಿಲ್ಲ. ಆದರೆ ರೆಪ್‌ಗೆ ಈ ಕೆಲಸದ ಅನುಭವವೋ ತರಬೇತಿಯೋ ಇದೆ ಎಂದು ಯೂನಿಯನ್ ಬರೆದು ಕೊಟ್ಟಿರಬೇಕು. ಜೊತೆಗಾರರಿಗೆ ಆ ದಿನ ಬಿಡುವಿಲ್ಲದಿದ್ದರೆ ಐದು ಕೆಲಸದ ದಿನಗಳೊಳಗಿನ ಬೇರೆ ದಿನ ಕೇಳಬಹುದು.

ಒಳಗೆ ಹೋದ ಮೇಲೆ ರೆಪ್ ಏನು ಮಾಡಬಹುದು? ಶಿಕ್ಷಕರ ವಾದ ಮಂಡಿಸಬಹುದು, ಕೊನೆಗೆ ಅದನ್ನು ಒಟ್ಟುಗೂಡಿಸಿ ಹೇಳಬಹುದು. ಅಲ್ಲಿ ಬಂದ ಅಭಿಪ್ರಾಯಕ್ಕೆ ಪ್ರತಿಕ್ರಿಯೆ ಕೊಡಬಹುದು, ನಡುವೆ ಶಿಕ್ಷಕರ ಜೊತೆ ಗುಟ್ಟಾಗಿ ಮಾತಾಡಬಹುದು. ಆದರೆ ಶಿಕ್ಷಕರಿಗೆ ಕೇಳಿದ ಪ್ರಶ್ನೆಗೆ ತಾವು ಉತ್ತರ ಕೊಡುವ ಹಕ್ಕು ಅವರಿಗಿಲ್ಲ. ಇದನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡಿಕೊಳ್ಳಿ. 'ನನ್ನ ಪರವಾಗಿ ಎಲ್ಲ ಅವರೇ ಹೇಳುತ್ತಾರೆ' ಎಂದು ನಂಬಿ ಬಂದವರು ಅಲ್ಲಿ ತಡವರಿಸುವುದು ಸಹಜ ಅಲ್ವಾ? ಹಾಗಾಗಿ ರೆಪ್‌ನ ಅಸಲಿ ಕೆಲಸ ಮುಗಿಯುವುದು ಹಿಂದಿನ ದಿನವೇ. ಕಡತ ಓದುವುದು, ದಿನಾಂಕ ಜೋಡಿಸುವುದು, ಬರಬಹುದಾದ ಪ್ರಶ್ನೆಗಳಿಗೆ ಶಿಕ್ಷಕರನ್ನು ತಯಾರು ಮಾಡುವುದು. ನೌಕರಿಯೇ ಹೋಗುವಂಥ ಪ್ರಕರಣವಾದರೆ ಯೂನಿಯನ್ನಿನ ಮೇಲಿನವರಿಗೆ ಒಪ್ಪಿಸುವುದು ಜಾಣತನ.

ನಮ್ಮ ರಾಜ್ಯದಲ್ಲಿ ಇದಕ್ಕೆ ಹತ್ತಿರದ್ದು ಇಲಾಖಾ ವಿಚಾರಣೆ. 1957ರ ಸಿಸಿಎ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳಡಿ ಸರ್ಕಾರಿ ಶಿಕ್ಷಕರು ಇನ್ನೊಬ್ಬ ಸರ್ಕಾರಿ ನೌಕರರ ನೆರವು ಪಡೆಯಬಹುದು. ಖಾಸಗಿ ಶಾಲೆಯವರ ದಾರಿ ಬೇರೆ. ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ 'ಕಾರ್ಮಿಕ' ಅಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲಿ ಎ. ಸುಂದರಂಬಾಳ್ ಪ್ರಕರಣದಲ್ಲಿ ಹೇಳಿತು. ಹೀಗಾಗಿ ಕೆಲಸದಿಂದ ತೆಗೆದರೆ ಕರ್ನಾಟಕ ಶಿಕ್ಷಣ ಕಾಯ್ದೆಯ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು.

ಉಳಿದದ್ದು ಚುಟುಕಾಗಿ

ಮಾನ್ಯತೆ ಪಡೆದ ಯೂನಿಯನ್ನಿನ ರೆಪ್‌ಗೆ ಆ ಕೆಲಸಕ್ಕಾಗಿ ಸಂಬಳಸಹಿತ ಬಿಡುವು ಸಿಗಬೇಕು. ಇದು 1992ರ ಟ್ರೇಡ್ ಯೂನಿಯನ್ ಮತ್ತು ಕಾರ್ಮಿಕ ಸಂಬಂಧಗಳ ಕಾಯ್ದೆಯ ಮಾತು. ಸುರಕ್ಷತಾ ಪ್ರತಿನಿಧಿಗೆ 1977ರ ನಿಯಮಗಳಿವೆ. ಅವರು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಕಟ್ಟಡ ಪರಿಶೀಲಿಸಬಹುದು.

ಮುಷ್ಕರ ಕರೆಯುವ ಅಧಿಕಾರ ರೆಪ್‌ಗಿಲ್ಲ, ಸದಸ್ಯರ ಮತದಾನ ಆಗಬೇಕು (2023ರಲ್ಲಿ ಅದು ಅಂಚೆಯಲ್ಲೇ ನಡೆಯುತ್ತಿತ್ತು). 2016ರ ಟ್ರೇಡ್ ಯೂನಿಯನ್ ಕಾಯ್ದೆ ಅರ್ಧದಷ್ಟಾದರೂ ಸದಸ್ಯರು ಮತ ಹಾಕಿರಬೇಕು ಎಂದಿತು. 2023ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿ ಎನ್‌ಇಯು ಶಿಕ್ಷಕರು ಶೇ. 53 ಮತ ಹಾಕಿ ಗೆರೆ ದಾಟಿದರು, ಫೆಬ್ರುವರಿ 1ರಂದು ಮುಷ್ಕರ ನಡೆಯಿತು. ಎನ್‌ಎಎಸ್‌ಯುಡಬ್ಲ್ಯುಟಿಯಲ್ಲಿ ಹತ್ತರಲ್ಲಿ ಒಂಬತ್ತು ಮತ ಮುಷ್ಕರದ ಪರವೇ ಬಿದ್ದರೂ, ಮತ ಹಾಕಿದವರು ಶೇ. 42 ಮಾತ್ರ. ಮುಷ್ಕರ ಆಗಲಿಲ್ಲ. ಲಕೋಟೆ ಅಂಚೆ ಡಬ್ಬಿಗೆ ಹಾಕಿದಿರಾ ಎಂದು ಒಬ್ಬೊಬ್ಬರನ್ನೂ ಕೇಳುತ್ತಾ ತಿರುಗುವ ರೆಪ್‌ಗೆ ಎಷ್ಟು ಬೆಲೆ ಎಂಬುದು ಈ ಎರಡು ಅಂಕಿಗಳಲ್ಲೇ ಕಾಣುತ್ತದೆ.

ಅಭ್ಯಾಸಕ್ಕೊಂದು ಪ್ರಶ್ನೆ: 'ಸುಮ್ನೆ ಐದು ನಿಮಿಷ ಮಾತಾಡೋಣ' ಎಂದು ಹೆಡ್ ಒಬ್ಬ ಶಿಕ್ಷಕಿಯನ್ನು ಕರೆಯುತ್ತಾರೆ. ಅಲ್ಲೇ ಬಾಯಿಮಾತಿನ ಎಚ್ಚರಿಕೆ ಕೊಟ್ಟು, ಅದನ್ನು ಒಂದು ವರ್ಷ ಕಡತದಲ್ಲಿಡುತ್ತಾರೆ. 10ನೇ ಸೆಕ್ಷನ್ ಅನ್ವಯಿಸುತ್ತದೆಯೇ? ಸುಳಿವು: ಬರೀ ಮಾಹಿತಿ ಕೇಳುವ ಪ್ರಾಥಮಿಕ ತನಿಖೆಗೆ ಈ ಸೆಕ್ಷನ್ ಸಾಮಾನ್ಯವಾಗಿ ಬರುವುದಿಲ್ಲ. ಆದರೆ ಲಂಡನ್ ಅಂಡರ್‌ಗ್ರೌಂಡ್ ನೌಕರರ 2003ರ ಪ್ರಕರಣವನ್ನೂ ಓದಿ. ಎಚ್ಚರಿಕೆಗೆ ಇಟ್ಟ ಹೆಸರಿಗಿಂತ, ಅದು ದಾಖಲಾಗಿ ಮುಂದೆ ಲೆಕ್ಕಕ್ಕೆ ಬರುತ್ತದೆಯೇ ಎಂಬುದನ್ನು ಅಲ್ಲಿ ನೋಡಿದ್ದರು.