ಮಾಳಿಗೆಗೆ ಢಾಳ ಇದ್ದರೆ ಕಟ್ಟಿಗೆಯ ನೆಲ ಮಟ್ಟ ಕೂರುತ್ತದೆಯೇ?

ಪ್ರಶ್ನೆ: ಧಾರವಾಡದ ಸಪ್ತಾಪುರದಾಗ ನಮ್ಮ ಮನಿ. ಮಾಳಿಗಿ ಮ್ಯಾಲ ಸಂಜಿಮುಂದ ಕೂಡಾಕ ಕಟಿಗಿ ನೆಲ ಮಾಡಸಬೇಕಂತ ಮಾಡೇವಿ. ಆದ್ರ ನೀರು ಹೋಗಾಕ ಢಾಳ ಐತಿ. ಮೊದಲ ಸಿಮೆಂಟ್ ಹಾಕಿ ಮಟ್ಟ ಮಾಡೂಣು ಅಂತಾನ ಗೌಂಡಿ. ಮಾಡಸಬೇಕೇನ್ರಿ?

ಉತ್ತರ: ಬ್ಯಾಡ್ರಿ. ಢಾಳ ಮುಚ್ಚಿದರೆ ಧಾರವಾಡದ ಜಿಟಿಜಿಟಿ ಮಳೆಯ ನೀರು ಹಲಗೆಯ ಅಡಿಯಲ್ಲೇ ನಿಲ್ಲುತ್ತದೆ. ಮೇಲಾಗಿ 50 ಮಿ.ಮೀ. ದಪ್ಪ ಸಿಮೆಂಟ್ ಹಾಸಿದರೆ ಚದರ ಮೀಟರಿಗೆ 100 ಕಿಲೋ ಭಾರ. ಅದೇ 25 ಮಿ.ಮೀ. ಸಾಗವಾನಿ ಹಲಗೆ 16 ಕಿಲೋ ಆಸುಪಾಸು.

ಮಟ್ಟ ಮಾಡುವ ಕೆಲಸಕ್ಕೆಂದೇ ಪೆಡೆಸ್ಟಲ್ ಇದೆ. ಅಗಲ ಪಾದದ ಗಟ್ಟಿ ಪ್ಲಾಸ್ಟಿಕ್ ಕಾಲು, ನಡುವೆ ತಿರುಪು. ತಿರುಗಿಸಿದಂತೆ ಎತ್ತರ ಹೆಚ್ಚು ಕಡಿಮೆ ಆಗುತ್ತದೆ. ಮೀಟರಿಗೆ 1 ಸೆಂ.ಮೀ. ಢಾಳ ಇದೆ ಅನ್ನೋಣ. 4 ಮೀಟರಿಗೆ 40 ಮಿ.ಮೀ. ಇಳಿಯಿತು. ಎತ್ತರದ ತುದಿಯಲ್ಲಿ ಕಾಲು 50 ಮಿ.ಮೀ. ಇಟ್ಟರೆ ನೀರು ಹೋಗುವ ಮೂಲೆಯಲ್ಲಿ 90. ಎರಡಕ್ಕೂ ದಾರ ಕಟ್ಟಿ, ನಡುವಿನವನ್ನು ಆ ದಾರಕ್ಕೆ ಹೊಂದಿಸಿ ತಿರುಗಿಸಿದರಾಯಿತು. ಕೊನೆಗೆ ರಸಮಟ್ಟ ಇಟ್ಟು ನೋಡುವುದು. ಶುರು ಮಾತ್ರ ಯಾವಾಗಲೂ ಎತ್ತರದ ತುದಿಯಿಂದಲೇ. ತಗ್ಗಿನಿಂದ ಹಿಡಿದರೆ ಎತ್ತರದ ಕಡೆ ಕಾಲು ಹಿಡಿಸಲು ಜಾಗ ಸಾಲದೆ ಎಲ್ಲವನ್ನೂ ಮತ್ತೆ ಏರಿಸಬೇಕಾಗುತ್ತದೆ. ಕಾಲು ಓರೆ ನಿಂತಂತೆ ಕಂಡರೆ ಢಾಳಕ್ಕೆ ಹೊಂದುವ ತಲೆಭಾಗ ಬೇರೆ ಸಿಗುತ್ತದೆ, ಕೇಳಿ ತೆಗೆದುಕೊಳ್ಳಿ.

ಸ್ಲ್ಯಾಬಿಗೆ ಒಂದೂ ತೂತು ಬೇಡ. ಕಾಲನ್ನು ಸುಮ್ಮನೆ ಇಟ್ಟು, ಅದರ ತಲೆಯ ಕಿವಿಗಳಿಂದ, ಹಲಗೆ ಹೊರುವ ಅಡ್ಡಪಟ್ಟಿಗೆ ಸ್ಕ್ರೂ ಹೊಡೆಯುತ್ತಾರೆ. ಪಟ್ಟಿ, ಹಲಗೆ ಎಲ್ಲ ಸೇರಿ ಒಂದೇ ಚೌಕಟ್ಟಾಗಬೇಕು. ಬಿಡಿ ಹಲಗೆ ಗಾಳಿಗೆ ಎದ್ದೀತು. ಪಟ್ಟಿಗಳ ನಡುವೆ 400 ಮಿ.ಮೀ., ಪಟ್ಟಿಯ ಕೆಳಗೆ ಕಾಲಿನಿಂದ ಕಾಲಿಗೆ 500ರಿಂದ 600 ಮಿ.ಮೀ. ಇರಲಿ. ಹಲಗೆ ನಡುವೆ 5 ಮಿ.ಮೀ. ಸಂದು, ಗೋಡೆಯ ಹತ್ತಿರ 10. ಮಳೆಗಾಲದಲ್ಲಿ ಹಲಗೆ ಅಗಲದಲ್ಲಿ ಉಬ್ಬುತ್ತದೆ, ಬಡಿಗ್ಯಾಗ ಒತ್ತಿ ಕೂಡಿಸಬ್ಯಾಡ ಅನ್ನಿ. ಸ್ಕ್ರೂ ಸ್ಟೇನ್‌ಲೆಸ್ ಆಗಿರಲಿ. ಕಬ್ಬಿಣದ್ದು ಹಾಕಿದರೆ ಸಾಗವಾನಿಯ ಮೇಲೆ ಕಪ್ಪು ಕಲೆ ಇಳಿಯುತ್ತದೆ. ಹಲಗೆಯಲ್ಲಿ ಬಿಳಿಭಾಗ ಬೇಡ, ಕೆಚ್ಚೇ ಆರಿಸಿ. ಗೆದ್ದಲಿಗೆ ಮೊದಲು ತುತ್ತಾಗುವುದು ಆ ಬಿಳಿ.

ಇಷ್ಟೆಲ್ಲಕ್ಕಿಂತ ಮೊದಲು ಒಂದು ಪರೀಕ್ಷೆ. ನೀರು ಹೋಗುವ ಕಿಂಡಿ ಮುಚ್ಚಿ, ಮಾಳಿಗೆಯಲ್ಲಿ 48 ತಾಸು ನೀರು ನಿಲ್ಲಿಸಿ, ಕೆಳಗಿನ ಕೋಣೆಯ ಛತ್ತು ನೋಡಿ. ತೇವ ಕಂಡರೆ ಮೊದಲು ವಾಟರ್‌ಪ್ರೂಫಿಂಗ್, ಆಮೇಲೆ ಕಟ್ಟಿಗೆ. ಮಿರಗ (ಮೃಗಶಿರ ಮಳೆ) ಕೂಡುವ ಮೊದಲೇ ಮಾಡಿ ಮುಗಿಸಿ. ನೆಲ ಎತ್ತರದ ತುದಿಯಲ್ಲಿ 10–12 ಸೆಂ.ಮೀ., ನೀರು ಹೋಗುವ ಮೂಲೆಯಲ್ಲಿ ಇನ್ನೂ 4 ಸೆಂ.ಮೀ. ಹೆಚ್ಚು ಏರುವುದರಿಂದ ಮಾಳಿಗೆಯ ಗೋಡೆಯ ಎತ್ತರವನ್ನೂ ಅಳೆಯಿರಿ. ಹಲಗೆಯ ಮೇಲಿಂದ ಕನಿಷ್ಠ 1 ಮೀಟರ್ ಉಳಿಯಲೇಬೇಕು, ಮಕ್ಕಳಿರುವ ಮನೆಯಲ್ಲಿ ಇನ್ನೂ ಜಾಸ್ತಿ.

ಕಿಂಡಿಯ ಮೇಲಿನ ಒಂದೆರಡು ಹಲಗೆ ಮಾತ್ರ ಎತ್ತಲು ಬರುವಂತೆ ತಿರುಪಿನಿಂದ ಕೂಡಿಸಿಕೊಳ್ಳಿ. ಬೇವಿನೆಲೆ, ಕಸ ಕೂತು ಕಿಂಡಿ ಕಟ್ಟುವುದು ಅಲ್ಲೇ, ವರ್ಷಕ್ಕೆ ಎರಡು ಬಾರಿಯಾದರೂ ಕೈ ಹಾಕಿ ತೆಗೆಯಬೇಕಾಗುತ್ತದೆ.